ಮಕ್ಕಳ ಜೊತೆ ಸ್ನಾರ್ಕ್ಲಿಂಗ್: ನೇತ್ರಾಣಿಯೋ, ಅಗತ್ತಿಯೋ?

ಸ್ನಾರ್ಕ್ಲಿಂಗ್ ಅಂದರೆ ಮುಖಕ್ಕೆ ಮಾಸ್ಕ್, ಬಾಯಿಗೆ ಉಸಿರಾಟದ ಕೊಳವೆ ಹಾಕಿಕೊಂಡು ತೇಲುತ್ತಾ ನೀರಿನೊಳಗೆ ನೋಡುವುದು. ರಜೆ ಕಡಿಮೆ ಇದ್ದರೆ ನೇತ್ರಾಣಿ ದ್ವೀಪ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಬೆಳಗ್ಗೆ ಹೋಗಿ ಅದೇ ದಿನ ವಾಪಸ್ ಬರಬಹುದು. ಆದರೆ ಅಲ್ಲಿ ಮರಳಿನ ದಂಡೆಯಿಲ್ಲ, ದೋಣಿಯಿಂದಲೇ ಆಳದ ನೀರಿಗೆ ಇಳಿಯಬೇಕು. ಲೈಫ್ ಜಾಕೆಟ್ ಇದ್ದರೂ ಚಿಕ್ಕ ಮಕ್ಕಳು ಹೆದರುತ್ತಾರೆ, ಅಲ್ವಾ? ದೋಣಿ ತೂಗಾಡಿ ಹೊಟ್ಟೆ ತೊಳಸುವುದೂ ಉಂಟು. ತಿಂಡಿ ಹಗುರವಾಗಿರಲಿ.

ಲಕ್ಷದ್ವೀಪದ ಅಗತ್ತಿಯಲ್ಲಿ ಹವಳದ ದಿಬ್ಬವೇ ಅಲೆಗಳನ್ನು ತಡೆಯುತ್ತದೆ. ಒಳಗಿನ ಲಗೂನ್ (ದಿಬ್ಬಕ್ಕೂ ದಡಕ್ಕೂ ನಡುವಿನ ನೀರು) ಶಾಂತ. ದಡದ ಹತ್ತಿರ ನಿಂತುಕೊಂಡೇ ಮುಖ ಮುಳುಗಿಸಿ ಕಲಿಯಬಹುದು (ಮರಳಿನ ಮೇಲೆ ನಿಲ್ಲಿ, ಹವಳದ ಮೇಲಲ್ಲ!). ಪರವಾನಗಿ ಮೊದಲೇ ಮಾಡಿಸಬೇಕು, ಕೊಚ್ಚಿಯಿಂದ ವಿಮಾನ ಇಲ್ಲವೇ ಹಡಗು. ಖರ್ಚು ಜಾಸ್ತಿ.

ಮಳೆಗಾಲದಲ್ಲಿ ಎರಡೂ ಬೇಡ. ಈಜು ಬರುವ ಹೈಸ್ಕೂಲ್ ಮಕ್ಕಳಿದ್ದರೆ ನೇತ್ರಾಣಿ ಸಾಕು. ಪುಟ್ಟ ಮಕ್ಕಳಿದ್ದರೆ ದುಡ್ಡು ಕೂಡಿಟ್ಟು ಅಗತ್ತಿಗೇ ಹೋಗಿ.