ಮೊರೇವಿಯನ್ ಮಿಷನರಿಗಳ ಐದು ಪ್ರಯಾಣ ದಿನಚರಿಗಳು: ಯಾವುದನ್ನು ಮೊದಲು ಓದಬೇಕು?

ಬಾಸೆಲ್ ಮಿಷನ್ನಿನ ಹೆಸರೂ ಮೋಗ್ಲಿಂಗ್, ಕಿಟ್ಟೆಲ್ ಅವರ ಕೆಲಸವೂ ಕನ್ನಡದ ಓದುಗರಿಗೆ ಚೆನ್ನಾಗಿ ಗೊತ್ತು. ಆದರೆ ಬಾಸೆಲ್ಲಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿಯುವುದಕ್ಕೆ ಒಂದು ಶತಮಾನ ಮೊದಲೇ ಜರ್ಮನಿಯ ಸ್ಯಾಕ್ಸನಿ ಸೀಮೆಯ ಹೆರ್ನ್‌ಹುಟ್ ಎಂಬ ಚಿಕ್ಕ ಊರಿನಿಂದ ಮೊರೇವಿಯನ್ ಸಭೆ ಎಂಬ ಪ್ರಾಟೆಸ್ಟಂಟ್ ಪಂಥದವರು ದೂರದ ನಾಡುಗಳಿಗೆ ಹೊರಟಿದ್ದ ಸಂಗತಿ ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಇಂದಿನ ಚೆಕ್ ದೇಶದಲ್ಲಿರುವ ಮೊರೇವಿಯಾದಲ್ಲಿ ಧರ್ಮದ ಕಾರಣಕ್ಕೆ ಕಿರುಕುಳ ಅನುಭವಿಸಿ ಊರು ಬಿಟ್ಟವರಿಗೆ ಕೌಂಟ್ ಸಿನ್‌ಜೆಂಡಾರ್ಫ್ ತಮ್ಮ ಜಮೀನಿನಲ್ಲಿ ನೆಲೆ ಕೊಟ್ಟದ್ದು 1722ರಲ್ಲಿ. ಹತ್ತು ವರ್ಷಗಳಲ್ಲಿ ಕುಂಬಾರ ವೃತ್ತಿಯ ಡೋಬರ್ ಮತ್ತು ಬಡಗಿ ನಿಚ್‌ಮನ್ ಕೆರಿಬಿಯನ್ ಕಡಲಿನ ಸೇಂಟ್ ಥಾಮಸ್ ದ್ವೀಪಕ್ಕೆ ಹೊರಟರು; ಮರುವರ್ಷ ಇನ್ನೊಂದು ತಂಡ ಗ್ರೀನ್‌ಲೆಂಡಿಗೆ ಹೋಯಿತು.

ಎಲ್ಲಿಗೆ ಹೋದರೂ ದಿನಚರಿ ಬರೆಯುವುದು ಈ ಸಭೆಯಲ್ಲಿ ಕಟ್ಟಳೆಯಾಗಿತ್ತು. ಒಂದೊಂದು ನೆಲೆಯ ದಿನಚರಿಯೂ ಕೈಯಲ್ಲೇ ಪ್ರತಿಯಾಗಿ ಹೆರ್ನ್‌ಹುಟ್‌ಗೆ ತಲುಪುತ್ತಿತ್ತು, ಅಲ್ಲಿಂದ ಬೇರೆ ನೆಲೆಗಳಿಗೆ ಹೋಗುತ್ತಿತ್ತು, ಸಭೆ ಕೂಡಿದಾಗ ಎಲ್ಲರೆದುರು ಅದನ್ನು ಗಟ್ಟಿಯಾಗಿ ಓದಲಾಗುತ್ತಿತ್ತು. ಹೀಗೆ ಕೂಡಿಬಿದ್ದ ಬರಹದ ರಾಶಿ ಅಪಾರವಾದ್ದರಿಂದ ಹೊಸಬರಿಗೆ ಎಲ್ಲಿಂದ ಆರಂಭಿಸಬೇಕೆಂಬುದೇ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುವ ಐದು ಪ್ರಯಾಣ ಬರಹಗಳನ್ನು ಆರಿಸಿಕೊಂಡು ನಾನು ಒಂದೇ ಬಗೆಯಲ್ಲಿ ಓದಿ ನೋಡಿದ್ದೇನೆ. ಭೂಪಟವನ್ನು ಎದುರಿಗೆ ಇಟ್ಟುಕೊಂಡು ಬೀಡುಬಿಟ್ಟ ಜಾಗಗಳನ್ನು ಪೆನ್ಸಿಲಿನಿಂದ ಗುರುತಿಸುತ್ತ ಹೋದೆ. ಒಂದೊಂದು ದಿನದ ಬರಹವನ್ನೂ, ಮೂಲದಲ್ಲಿ ಉದ್ದೇಶಿಸಿದ್ದ ಹಾಗೆ, ಗಟ್ಟಿಯಾಗಿ ಓದಿದೆ. ಇದಕ್ಕಿಂತ ಮುಖ್ಯವಾಗಿ, ಬರೆಯುವವರು ಯಾರ ನೆಲದ ಮೇಲೆ ನಡೆಯುತ್ತಿದ್ದಾರೋ ಆ ಜನರ ಮಾತು ಪುಟದ ಮೇಲೆ ಎಷ್ಟರ ಮಟ್ಟಿಗೆ ಉಳಿದಿದೆ ಎಂಬುದನ್ನು ಗಮನಿಸಿದೆ. ನನ್ನ ತೀರ್ಮಾನ ಹೆಚ್ಚಾಗಿ ನಿಂತಿರುವುದು ಈ ಕೊನೆಯ ಅಳತೆಗೋಲಿನ ಮೇಲೆ.

ಮೊದಲ ಎರಡು ದಿನಚರಿಗಳು ಸಹಜವಾಗಿಯೇ ಜೋಡಿ. 1752ರಲ್ಲಿ ಬಿಷಪ್ ಆಗಸ್ಟ್ ಗಾಟ್ಲೀಬ್ ಸ್ಪಾಂಗೆನ್‌ಬರ್ಗ್ ಅವರು ಪೆನ್ಸಿಲ್ವೇನಿಯದ ಬೆಥ್ಲೆಹೆಮ್ ಊರಿನಿಂದ ಹೊರಟು, ಸಭೆಗೆ ಒಂದು ದೊಡ್ಡ ಭೂಮಿಯನ್ನು ಆರಿಸಲು ಉತ್ತರ ಕೆರೊಲಿನಾದ ಒಳನಾಡನ್ನು ಸುತ್ತಿದರು. ಮರುವರ್ಷ, ಅವರು ಆರಿಸಿದ ಅದೇ ಭೂಮಿಯಲ್ಲಿ ನೆಲೆಸಲು ಹದಿನೈದು ಜನ ಅವಿವಾಹಿತ ಸಹೋದರರ ತಂಡ ನಡೆದು ಬಂತು. ಅದರ ದಿನಚರಿಯನ್ನು ಬರೆದವರು ಬರ್ನ್‌ಹಾರ್ಡ್ ಆಡಮ್ ಗ್ರೂಬೆ.

ಸ್ಪಾಂಗೆನ್‌ಬರ್ಗ್ ಅವರದು ಭೂಮಾಪಕರ ಜೊತೆಗಿದ್ದವರ ಕಣ್ಣು. ಒಂದೊಂದು ತುಂಡು ನೆಲದ ಬಗ್ಗೆಯೂ ಅವರು ನೀರು ಎಲ್ಲಿದೆ, ಹುಲ್ಲುಗಾವಲು ಎಷ್ಟಿದೆ, ಮರ ಯಾವ ಜಾತಿಯದು, ಕಟ್ಟಡಕ್ಕೆ ಕಲ್ಲು ಸಿಗುತ್ತದೆಯೇ ಎಂದು ಶ್ರದ್ಧೆಯಿಂದ ಬರೆಯುತ್ತಾರೆ. ಗಟ್ಟಿಯಾಗಿ ಓದುವಾಗ ಈ ಭಾಗಗಳು ಭಾರವಾಗುತ್ತವೆ, ಭೂಪಟದಲ್ಲಿ ಹಳ್ಳ ತೊರೆಗಳ ನಡುವೆ ದಾರಿ ತಪ್ಪಿಹೋಗುತ್ತದೆ. ಆದರೆ ಡಿಸೆಂಬರಿನ ಆರಂಭದ ಪುಟಗಳಿಗಾಗಿ ಇಡೀ ದಿನಚರಿಯನ್ನು ಓದಬಹುದು. ಯಾಡ್ಕಿನ್ ನದಿಗೆ ದಾರಿ ತೋರಿಸಬೇಕಾಗಿದ್ದ ಬೇಟೆಗಾರ ದಾರಿ ತಪ್ಪಿಸಿದ್ದರಿಂದ ತಂಡ ಕಡಿದಾದ ಪರ್ವತವೊಂದರ ಬುಡಕ್ಕೆ ಬಂದು ನಿಲ್ಲುತ್ತದೆ. ಹತ್ತದೆ ಬೇರೆ ದಾರಿಯಿಲ್ಲ. ಕೆಲವೆಡೆ ಅಂಬೆಗಾಲಿಡುತ್ತ, ಕೆಲವೆಡೆ ಜೀನು ಮತ್ತು ಸಾಮಾನನ್ನು ಕುದುರೆಗಳ ಬೆನ್ನಿನಿಂದ ಬಿಚ್ಚಿ ತಾವೇ ಎಳೆಯುತ್ತ, ಎಲೆಯಂತೆ ನಡುಗುತ್ತಿದ್ದ ಕುದುರೆಗಳನ್ನು ಜಗ್ಗಿ ಮೇಲೇರಿಸುತ್ತ ಅವರು ತುದಿ ತಲುಪಿದಾಗ, ಸುತ್ತಲೂ ನೂರಾರು ಶಿಖರಗಳು ಬಿರುಗಾಳಿಗೆ ಎದ್ದ ಸಮುದ್ರದ ಅಲೆಗಳ ಹಾಗೆ ಕಾಣುತ್ತವೆ. ಎಕರೆಗಳ ಲೆಕ್ಕ ಬರೆಯುತ್ತಿದ್ದ ಅದೇ ಕೈ ಇದನ್ನೂ ಬರೆದಿದೆ.

ಈ ದಿನಚರಿಯ ಕೊರತೆ ಬೇರೆ ಕಡೆ ಇದೆ. ಅಂತಿಮವಾಗಿ ಆರಿಸಿದ ಭೂಮಿ 98,985 ಎಕರೆ. ಅದನ್ನು ಮಾರಿದವರು ಇಂಗ್ಲೆಂಡಿನ ಲಾರ್ಡ್ ಗ್ರಾನ್‌ವಿಲ್. ಅದಕ್ಕೆ ಇಟ್ಟ ಹೆಸರು ಆಸ್ಟ್ರಿಯಾದಲ್ಲಿ ಸಿನ್‌ಜೆಂಡಾರ್ಫ್ ಮನೆತನಕ್ಕೆ ಸೇರಿದ್ದ ವಾಖಾವ್ ಕಣಿವೆಯದು, ಅದೇ ಮುಂದೆ ವಾಖೋವಿಯಾ ಆಯಿತು. ಪರ್ವತ ಹತ್ತಿ ಇಳಿದ ಮೇಲೆ ತಾವು ಬೀಡುಬಿಟ್ಟದ್ದು ಇಂಡಿಯನ್ನರ, ಅಂದರೆ ಅಮೆರಿಕದ ಮೂಲನಿವಾಸಿಗಳ, ಹಳೆಯ ಹೊಲವೊಂದರಲ್ಲಿ ಎಂದು ಸ್ಪಾಂಗೆನ್‌ಬರ್ಗ್ ಬರೆಯುತ್ತಾರೆ. ಆ ಹೊಲವನ್ನು ಉತ್ತವರು ಯಾರು, ಅವರು ಎಲ್ಲಿಗೆ ಹೋದರು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ನೆಲದ ಗುಣವನ್ನು ಇಷ್ಟು ನಿಖರವಾಗಿ ನೋಡಿದ ಬರಹದಲ್ಲಿ ನೆಲದ ಜನ ಹೀಗೆ ಅಂಚಿಗೆ ಸರಿದಿರುವುದು ನನ್ನನ್ನು ಬಹಳ ಕಾಡಿತು.

ಗ್ರೂಬೆ ಅವರ ದಿನಚರಿ ಓದುವುದಕ್ಕೆ ಐದರಲ್ಲಿ ಎಲ್ಲಕ್ಕಿಂತ ಹಿತ. 1753ರ ಅಕ್ಟೋಬರ್ 8ರಂದು ಬೆಥ್ಲೆಹೆಮ್ ಬಿಟ್ಟ ತಂಡ ನವೆಂಬರ್ 17ರಂದು ವಾಖೋವಿಯಾ ಮುಟ್ಟುತ್ತದೆ. ಸಸ್ಕ್ವೆಹಾನಾ ನದಿ ದಾಟಿ, ಶೆನಾಂಡೋವ ಕಣಿವೆಯಲ್ಲಿ ದಕ್ಷಿಣಕ್ಕೆ ಇಳಿಯುವ ಅವರ ದಾರಿಯ ಬಹುಭಾಗಕ್ಕೆ ಇಂದಿನ 81ನೇ ಅಂತರರಾಜ್ಯ ಹೆದ್ದಾರಿ ಹತ್ತಿರದಲ್ಲೇ ಸಾಗುವುದರಿಂದ ಭೂಪಟದ ಪರೀಕ್ಷೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಹಳ್ಳ ದಾಟಿದ್ದು, ಕುದುರೆಗಳಿಗೆ ಮೇವು ಕೊಂಡದ್ದು, ರಾತ್ರಿ ಗುಡಾರ ಹಾಕಿದ್ದು, ಮರಗಳ ನಡುವೆ ತೂಗುಮಂಚ ಕಟ್ಟಿಕೊಂಡದ್ದು, ಎಲ್ಲವೂ ದಿನದ ಅನುಕ್ರಮದಲ್ಲಿ ಬರುತ್ತವೆ.

ಇಡೀ ಬರಹದ ಜೀವ ಇರುವುದು ತಂಡ ಸಾಮಾನು ಹೇರಿಕೊಂಡು ಹೊರಟ ಬಂಡಿಯಲ್ಲಿ. ಏರು ಬಂದರೆ ಎಲ್ಲರೂ ಸೇರಿ ತಳ್ಳಬೇಕು, ಕಾಡು ಬಂದರೆ ಮರ ಕಡಿದು ದಾರಿ ಮಾಡಬೇಕು. ಇಳಿಜಾರು ಬಂದರೆ ಇನ್ನೂ ಕಷ್ಟ. ಹಿಂದಿನ ಎರಡೂ ಚಕ್ರಗಳನ್ನು ಬಿಗಿದು, ಬಂಡಿಯ ಹಿಂದೆ ಒಂದು ಮರವನ್ನೇ ಕಟ್ಟಿ, ಸಹೋದರರೆಲ್ಲ ಅದನ್ನು ಹಿಡಿದು ಹಿಂದಕ್ಕೆ ಜಗ್ಗಿದರೂ ಬಂಡಿ ಓಡಿದ ರಭಸಕ್ಕೆ ಕಾಲು ಜಾರಿ ಉರುಳುತ್ತಾರೆ. ಇದೇ ದಾರಿಯಲ್ಲಿ ಹಿಂದೆ ಬಂದಿದ್ದ ಮಾರ್ಗನ್ ಬ್ರಯನ್ ಎಂಬ ವಲಸೆಗಾರ ಬಂಡಿಯ ಚಕ್ರ ಕಳಚಿ, ಬಿಡಿ ಬಿಡಿಯಾಗಿ ಗುಡ್ಡದ ಮೇಲಕ್ಕೆ ಹೊತ್ತು, ಶೆನಾಂಡೋವದಿಂದ ಯಾಡ್ಕಿನ್ ತನಕ ಬರಲು ಮೂರು ತಿಂಗಳು ತೆಗೆದುಕೊಂಡಿದ್ದನೆಂಬ ವಿವರವೂ ಇಲ್ಲಿದೆ. ಕೊನೆಗೆ ಯಾರೋ ಬಿಟ್ಟುಹೋಗಿದ್ದ ಪುಟ್ಟ ಗುಡಿಸಲಿನಲ್ಲಿ ಅವರೆಲ್ಲ ಸೇರುತ್ತಾರೆ, ಹೊರಗೆ ತೋಳಗಳು ಊಳಿಡುತ್ತಿರುತ್ತವೆ, ಒಳಗೆ ಸಭೆಯವರು ಕೂಡಿ ಉಣ್ಣುವ ಪ್ರೀತಿಭೋಜನ ನಡೆಯುತ್ತದೆ. ಮೊರೇವಿಯನ್ನರು 1731ರಿಂದ ಪ್ರತಿ ವರ್ಷ ಅಚ್ಚು ಮಾಡಿಸುತ್ತಿದ್ದ ದಿನವಚನಗಳ ಪುಸ್ತಕದಲ್ಲಿ ಅಂದಿನ ದಿನಕ್ಕೆ ಬಂದಿದ್ದದ್ದು, ಮರುಭೂಮಿಯಲ್ಲಿಯೂ ನೀನು ಎಲ್ಲಿ ವಾಸಿಸುತ್ತೀ ಎಂದು ನಾನು ಬಲ್ಲೆ ಎಂಬ ಅರ್ಥದ ಮಾತು. ಗ್ರೂಬೆ ಅದನ್ನು ಬರೆದಿಟ್ಟು ಮುಂದೆ ಹೋಗುತ್ತಾರೆ, ವ್ಯಾಖ್ಯಾನ ಮಾಡುವುದಿಲ್ಲ. ಈ ಸಂಯಮ ಅವರ ದೊಡ್ಡ ಗುಣ. ಆದರೆ ಇದು ಸಹೋದರರು ಸಹೋದರರಿಗಾಗಿ ಬರೆದ ಬರಹ. ಹೊರಗಿನವರು ದಾರಿ ಹೇಳುವವರಾಗಿ, ಓಟ್ಸ್ ಮಾರುವವರಾಗಿ ಬಂದು ಹೋಗುತ್ತಾರೆ, ಅಷ್ಟೆ.

ಮೂರನೆಯದಾದ ಕ್ರಿಶ್ಚಿಯನ್ ಫ್ರೆಡರಿಕ್ ಪೋಸ್ಟ್ ಅವರ 1758ರ ದಿನಚರಿಗೆ ಬಂದಾಗ ಗಾಳಿಯೇ ಬದಲಾಗುತ್ತದೆ. ಬ್ರಿಟಿಷರಿಗೂ ಫ್ರೆಂಚರಿಗೂ ಯುದ್ಧ ನಡೆಯುತ್ತಿದ್ದ ಕಾಲ. ಒಹಾಯೊ ಸೀಮೆಯ ಡೆಲವೇರ್ ಎಂಬ ಮೂಲನಿವಾಸಿ ಜನ ಫ್ರೆಂಚರ ಕಡೆ ವಾಲಿದ್ದರು. ಅವರನ್ನು ಒಲಿಸಲು ಪೆನ್ಸಿಲ್ವೇನಿಯದ ಗವರ್ನರ್ ಕಳಿಸಿದ ದೂತರು ಪೋಸ್ಟ್. ಹುಟ್ಟಿನಿಂದ ಪ್ರಷ್ಯಾದವರು, ವೃತ್ತಿಯಿಂದ ಮರಗೆಲಸದವರು, ಮೂಲನಿವಾಸಿ ಹೆಣ್ಣುಮಕ್ಕಳನ್ನೇ ಮದುವೆಯಾಗಿ ಆ ಜನರ ನಡುವೆ ಬಾಳಿ ಅವರ ಭಾಷೆ ಕಲಿತಿದ್ದವರು. ಈ ಪ್ರಯಾಣದಲ್ಲಿ ಅವರು ಸರ್ಕಾರದ ಆಳೇ ಹೊರತು ಸಭೆಯ ಮಿಷನರಿಯಲ್ಲ. ಈ ಕಾರಣಕ್ಕೆ ಇದನ್ನು ಮೊರೇವಿಯನ್ ದಿನಚರಿಗಳ ಸಾಲಿಗೆ ಸೇರಿಸಲು ಒಪ್ಪದವರು ಇರಬಹುದು. ಆದರೆ ದಿನ ತಪ್ಪದೆ ಬರೆಯುವ ಶಿಸ್ತು ಸಭೆಯಿಂದ ಬಂದದ್ದೇ ಎಂಬುದು ಪುಟ ಪುಟದಲ್ಲಿಯೂ ಕಾಣುತ್ತದೆ.

ಡೆಲವೇರ್ ನಾಯಕ ಪಿಸ್ಕೆಟೋಮೆನ್ ಜೊತೆಯಲ್ಲಿ ನಡೆದು, ಆಗಸ್ಟ್ ಕೊನೆಯಲ್ಲಿ ಪೋಸ್ಟ್ ಅವರು ಫ್ರೆಂಚರ ಡ್ಯುಕೇನ್ ಕೋಟೆಗೆ ಎದುರಾಗಿ, ನದಿಯ ಆಚೆ ದಡದಲ್ಲಿ ಬೀಡುಬಿಡುತ್ತಾರೆ. ಫ್ರೆಂಚರು ಅವರ ತಲೆಗೆ ದೊಡ್ಡ ಬಹುಮಾನ ಸಾರಿದ್ದಾರೆ, ಬೆಂಕಿಯ ಬಳಿಯಿಂದ ಕದಲಬೇಡಿ ಎಂದು ಇಂಡಿಯನ್ನರು ಎಚ್ಚರಿಸುತ್ತಾರೆ. ಸರಪಳಿಯಿಂದ ಕಟ್ಟಿಹಾಕಿದ ಹಾಗೆ ಬೆಂಕಿಗೆ ಅಂಟಿಕೊಂಡು ಕುಳಿತೆ ಎಂದು ಪೋಸ್ಟ್ ಬರೆಯುತ್ತಾರೆ. ಶೌರ್ಯದ ಪ್ರದರ್ಶನ ಎಲ್ಲಿಯೂ ಇಲ್ಲ, ಭಯವನ್ನು ಮುಚ್ಚಿಡುವ ಪ್ರಯತ್ನವೂ ಇಲ್ಲ.

ಆದರೂ ನಾನು ಇದನ್ನು ಎತ್ತಿ ಹಿಡಿಯುವುದು ಆ ದೃಶ್ಯಕ್ಕಾಗಿ ಅಲ್ಲ, ಡೆಲವೇರ್ ಜನ ಅವರ ಮುಖಕ್ಕೆ ಹೇಳಿದ ಮಾತುಗಳಿಗಾಗಿ. ಈ ಯುದ್ಧಕ್ಕೆ ಬಿಳಿಯರೇ ಕಾರಣ. ನೀವು ಮತ್ತು ಫ್ರೆಂಚರು ನಿಮ್ಮ ಹಳೆಯ ನಾಡಿನಲ್ಲಿ, ಸಮುದ್ರದ ಮೇಲೆ ಕಾದಾಡಬಹುದಲ್ಲ, ನಮ್ಮ ನೆಲಕ್ಕೆ ಬಂದು ಏಕೆ ಕಾದಾಡುತ್ತೀರಿ. ಬಲವಂತದಿಂದ ನಮ್ಮ ಭೂಮಿಯನ್ನು ಕಿತ್ತುಕೊಂಡು ನೆಲೆಸುವುದೇ ನಿಮ್ಮ ಉದ್ದೇಶ ಎಂದು ಎಲ್ಲರೂ ನಂಬುವುದು ಇದರಿಂದಲೇ. ಈ ಮಾತುಗಳಿಗೆ ಉತ್ತರ ಕೊಡುವ ಜವಾಬ್ದಾರಿ ಹೊತ್ತಿದ್ದವರೇ ಅವನ್ನು ಮೊನೆ ಮುರಿಯದೆ ಬರೆದುಕೊಂಡಿದ್ದಾರೆ. ಸ್ಪಾಂಗೆನ್‌ಬರ್ಗ್ ಅವರ ಪುಟಗಳಲ್ಲಿ ಏಳದೇ ಹೋದ ಪ್ರಶ್ನೆ ಆರು ವರ್ಷಗಳ ಮೇಲೆ, ಅದೇ ಸಭೆಗೆ ಸೇರಿದವರೊಬ್ಬರ ಪುಟಗಳಲ್ಲಿ, ನೆಲದ ಜನರ ಬಾಯಿಂದಲೇ ಬರುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಓದಿದವರಿಗೆ ಮಾತ್ರ ಇದು ದಕ್ಕುತ್ತದೆ. ಇಂಗ್ಲಿಷ್ ಪೋಸ್ಟ್ ಅವರ ತಾಯ್ನುಡಿಯಲ್ಲದ ಕಾರಣ ವಾಕ್ಯಗಳು ಅಲ್ಲಲ್ಲಿ ಮುಗ್ಗರಿಸುತ್ತವೆ, ಗಟ್ಟಿಯಾಗಿ ಓದುವಾಗ ನಿಲ್ಲಬೇಕಾಗುತ್ತದೆ, ಸಹಿಸಿಕೊಳ್ಳಲು ಕಷ್ಟವಾಗುವಷ್ಟಿಲ್ಲ.

ಇಂದಿನ ಕೆನಡಾದ ಲ್ಯಾಬ್ರಡಾರ್ ತೀರದ ಒಕಾಕ್‌ನಿಂದ ಉಂಗಾವ ಕೊಲ್ಲಿಗೆ ಹೋದ ಬೆಂಜಮಿನ್ ಕೋಲ್‌ಮೈಸ್ಟರ್ ಮತ್ತು ಜಾರ್ಜ್ ಕ್ಮೋಕ್ ಅವರ 1811ರ ದಿನಚರಿ ಕಾಲದಲ್ಲಿ ಸ್ವಲ್ಪ ಈಚಿನದು. ಲಂಡನ್ನಿನಲ್ಲಿ ಅಚ್ಚಾದದ್ದು 1814ರಲ್ಲಿ. ಜೂನ್ 24ಕ್ಕೆ ಹೊರಟು ಅಕ್ಟೋಬರ್ 4ಕ್ಕೆ ಮರಳಿದ ಈ ಸಮುದ್ರಯಾನ ಹಿಮಗಡ್ಡೆಗಳ ನಡುವೆ ನಡೆದದ್ದು. ಭೂಗೋಳದಲ್ಲಿ ಆಸಕ್ತಿಯುಳ್ಳವರಿಗೆ ನಾನು ಇದನ್ನೇ ಹೇಳುತ್ತೇನೆ: ಇಂದಿಗೂ ಜಾರ್ಜ್ ನದಿ ಎಂದು ಕರೆಯುವ ನದಿಗೆ ದೊರೆ ಮೂರನೆಯ ಜಾರ್ಜ್ ಹೆಸರು ಇಟ್ಟವರು ಇವರೇ, ಮತ್ತು ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ ಸ್ಥಳನಾಮಗಳನ್ನು ಅಳಿಸದೆ ಕೊಟ್ಟಿದ್ದಾರೆ. ಎರಡು ಪಟಕಂಬಗಳ ದೋಣಿ ಇನುಯಿಟ್ ಮುಖಂಡ ಜೊನಾಥನ್ ಅವರದು, ನಾವಿಕರೂ ಇನುಯಿಟ್ ಕುಟುಂಬಗಳವರು. ಉಂಗಾವದವರು ಕೊಲ್ಲುತ್ತಾರೆ ಎಂದು ಊರವರು ಹೆದರಿಸಿದಾಗ, ನಮಗಾಗಿ ಯೇಸು ಸಾಯಲು ಹೋದನಲ್ಲ, ನಾವು ಅವನ ಕೆಲಸದಲ್ಲಿ ಸತ್ತರೆ ಏನು ಎಂದು ಜೊನಾಥನ್ ಕೊಟ್ಟ ಉತ್ತರ ಇಲ್ಲಿ ದಾಖಲಾಗಿದೆ. ಸ್ಥಳೀಯರ ದನಿ ಇದೆ, ನಿಜ. ಆದರೆ ಕ್ರೈಸ್ತರಾದವರ, ಒಪ್ಪಿಕೊಂಡವರ ದನಿಗೆ ಹೆಚ್ಚು ಜಾಗ. ಪೋಸ್ಟ್ ಅವರಲ್ಲಿ ಎದುರು ನಿಂತವರ ದನಿಯೂ ಇದೆ.

ಐದನೆಯದು ನಮಗೆ ಎಲ್ಲಕ್ಕಿಂತ ಹತ್ತಿರದ್ದು. ಡೇನರ ವಶದಲ್ಲಿದ್ದ, ತಮಿಳುನಾಡಿನ ಕರಾವಳಿಯ ತರಂಗಂಬಾಡಿಗೆ 1760ರಲ್ಲಿ ಮೊರೇವಿಯನ್ನರು ಬಂದು ಸಹೋದರರ ತೋಟ ಎಂಬ ನೆಲೆ ಕಟ್ಟಿದ್ದೇ ನಿಕೋಬಾರ್ ದ್ವೀಪಗಳಿಗೆ ಹೋಗುವುದಕ್ಕಾಗಿ. 1768ರಲ್ಲಿ ನಾನ್‌ಕೌರಿ ದ್ವೀಪದಲ್ಲಿ ಆರಂಭವಾದ ಆ ಕೆಲಸ ಜ್ವರಕ್ಕೆ ಜನರನ್ನು ಬಲಿಕೊಟ್ಟು 1787ರಲ್ಲಿ ಮುಚ್ಚಿತು. 1779ರಲ್ಲಿ ಅಲ್ಲಿಗೆ ಹೋಗಿದ್ದ ಯೋಹಾನ್ ಗಾಟ್‌ಫ್ರೀಡ್ ಹೆನ್ಸೆಲ್ ಅವರು ಬಹಳ ಕಾಲದ ಮೇಲೆ ಅದನ್ನೆಲ್ಲ ನೆನಪಿನಿಂದ ಪತ್ರಗಳಲ್ಲಿ ಬರೆದರು. 1812ರಲ್ಲಿ ಲಂಡನ್ನಿನಲ್ಲಿ ಅವು ಪುಸ್ತಕವಾದವು.

ಸಂಜೆ ಕತ್ತಲಾಗಿ ಮನೆಗೆ ಮರಳಲಾಗದಿದ್ದರೆ ಹೆನ್ಸೆಲ್ ಕಡಲ ದಡದ ನಯವಾದ ಬಿಳಿ ಮರಳಿನಲ್ಲಿ ಗುಂಡಿ ತೋಡಿ, ತಲೆಗೆ ಮರಳಿನದೇ ದಿಂಬು ಮಾಡಿ, ಕುತ್ತಿಗೆಯ ತನಕ ಮರಳು ಎಳೆದುಕೊಂಡು ಮಲಗುತ್ತಿದ್ದರು. ನಾಯಿ ಅವರ ಮೈಮೇಲೆ ಅಡ್ಡ ಮಲಗುತ್ತಿತ್ತು. ರಾತ್ರಿಯೆಲ್ಲ ಓಡಾಡುವ ಏಡಿಗಳ ಚಿಪ್ಪಿನ ಕರಕರ ಸದ್ದು ನಿದ್ದೆ ಕೆಡಿಸುತ್ತಿತ್ತು. ಹತ್ತಿರ ಬಂದ ಏಡಿಯನ್ನು ನಾಯಿ ಕಚ್ಚಿ ದೂರ ಎಸೆಯುತ್ತಿತ್ತು, ಕೊಂಡಿ ತೀರ ದೊಡ್ಡದಾಗಿದ್ದರೆ ಬೊಗಳಿ ಓಡಿಸುತ್ತಿತ್ತು. ಗಟ್ಟಿಯಾಗಿ ಓದಿದಾಗ ಕೇಳುವವರು ಮುಂದೇನಾಯಿತು ಎಂದು ಕೇಳುವುದು ಇದನ್ನೊಂದೇ. ಆದರೂ ಪ್ರಯಾಣ ದಿನಚರಿಯಾಗಿ ನಾನು ಇದಕ್ಕೆ ಕೊನೆಯ ಸ್ಥಾನ ಕೊಡುತ್ತೇನೆ. ದಿನಾಂಕಗಳ ಸರಣಿ ಇಲ್ಲ, ಭೂಪಟದ ಮೇಲೆ ಗೆರೆ ಎಳೆಯಲಾಗುವುದಿಲ್ಲ, ನೆನಪು ಎಲ್ಲವನ್ನೂ ಉಜ್ಜಿ ನಯ ಮಾಡಿದೆ. ನಿಕೋಬಾರಿನ ಜನರ ಆಚಾರಗಳ ವಿವರಣೆ ಹೇರಳವಾಗಿದೆ, ಅವರು ಆಡಿದ ಮಾತು ಕಡಿಮೆ.

ಆದ್ದರಿಂದ ಒಂದನ್ನೇ ಓದುವವರಿಗೆ ಪೋಸ್ಟ್ ಅವರ ಮೊದಲ ಪ್ರಯಾಣದ ದಿನಚರಿ. ಎರಡಕ್ಕೆ ಸಮಯವಿದ್ದರೆ ಅದಕ್ಕೆ ಮೊದಲು ಸ್ಪಾಂಗೆನ್‌ಬರ್ಗ್. ಭಾರ ಹೊರುವ ಮನಸ್ಸಿಲ್ಲದೆ ಒಂದು ಒಳ್ಳೆಯ ಕಾಲ್ನಡಿಗೆಯ ಕಥನ ಬೇಕೆನ್ನುವವರಿಗೆ ನಿಸ್ಸಂಶಯವಾಗಿ ಗ್ರೂಬೆ. ಪೋಸ್ಟ್ ಅವರ ಎರಡನೆಯ ಪ್ರಯಾಣದ ದಿನಚರಿಯೂ ಇದೆ; ಅದಕ್ಕೆ ಕೈ ಹಾಕುವ ಮುನ್ನ 1758ರ ಅಕ್ಟೋಬರಿನಲ್ಲಿ ಬ್ರಿಟಿಷರಿಗೂ ಮೂಲನಿವಾಸಿಗಳಿಗೂ ಆದ ಈಸ್ಟನ್ ಒಪ್ಪಂದದ ಬಗ್ಗೆ ಸ್ವಲ್ಪ ತಿಳಿದುಕೊಂಡಿರಬೇಕು. ಮುಂದೆ ಹೋಗಬಯಸುವವರು ಮೊರೇವಿಯನ್ ಮಿಷನರಿ ಡೇವಿಡ್ ಝೈಸ್‌ಬರ್ಗರ್ ಅವರ ದಿನಚರಿಗಳಿಗೆ ಹೋಗಲಿ. ಅವು ನೆಲೆಯ ದಿನಚರಿಗಳಾದ್ದರಿಂದ ಈ ಹೋಲಿಕೆಯಲ್ಲಿ ಸೇರಿಸಲಿಲ್ಲ. ಆದರೆ 1782ರ ಮಾರ್ಚ್ 8ರಂದು ನಾಡೆನ್‌ಹುಟನ್ ಎಂಬಲ್ಲಿ ಪೆನ್ಸಿಲ್ವೇನಿಯದ ಸಶಸ್ತ್ರ ದಳದವರು 96 ಜನ ಕ್ರೈಸ್ತ ಇಂಡಿಯನ್ನರನ್ನು ಕೊಂದ ಸುದ್ದಿ ಅವರನ್ನು ತಲುಪುವ ಪುಟಗಳನ್ನು, ಒಹಾಯೊದ ಜನ ಪೋಸ್ಟ್ ಅವರಿಗೆ ಹೇಳಿದ್ದನ್ನು ಓದಿದ ಮೇಲೆಯೇ ಓದಬೇಕು.