ಮ್ಯಾಕ್ಸಿಮಲ್ ಆಪರೇಟರ್‌ಗೆ ಮೂರು ಪ್ರೂಫ್: ವಿಟಾಲಿ, ಡಯಾಡಿಕ್, ರೈಸಿಂಗ್ ಸನ್

ಹಾರ್ಡಿ–ಲಿಟಲ್‌ವುಡ್ ಮ್ಯಾಕ್ಸಿಮಲ್ ಆಪರೇಟರ್ ಬೌಂಡೆಡ್ (ಹೊರಬರುವ ಫಂಕ್ಷನ್‌ನ ಗಾತ್ರ ಒಳಹೋದದ್ದರ ಒಂದು ನಿಶ್ಚಿತ ಪಟ್ಟನ್ನು ಮೀರಲ್ಲ) ಅಂತ ತೋರಿಸೋಕೆ ಯಾವ ದಾರಿ ಹಿಡಿಯಬೇಕು? ಮೂರನ್ನೂ ಪೂರ್ತಿ ಬರೆದು ನೋಡಿದ್ದೇನೆ, ಎಂಎಸ್ಸಿ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟೂ ಇದ್ದೇನೆ. ನನ್ನ ಓಟು ಡಯಾಡಿಕ್‌ಗೆ. ಆದರೆ ಮೊದಲ ಸಲ ಕಲಿಯುವವರಿಗೆ ಅದನ್ನು ಕೊಡಲ್ಲ.

ಈ ಆಪರೇಟರ್ ಮಾಡುವ ಲೆಕ್ಕ ಇಷ್ಟು. ಒಂದು ಬಿಂದು ಇರುವ ಎಲ್ಲ ಬಾಲ್‌ಗಳ ಮೇಲೂ ಫಂಕ್ಷನ್‌ನ ಸರಾಸರಿ ತೆಗೆದು, ಅವುಗಳ ಸುಪ್ರೀಮಮ್ ಇಟ್ಟುಕೊಳ್ಳಬೇಕು. 1930ರ ಪೇಪರ್‌ನಲ್ಲಿ ಹಾರ್ಡಿ, ಲಿಟಲ್‌ವುಡ್ ಇದನ್ನು ಕ್ರಿಕೆಟ್ ಸರಾಸರಿಯ ಭಾಷೆಯಲ್ಲೇ ವಿವರಿಸಿದ್ದರು. ಎಲ್1ನಿಂದ ಎಲ್1ಗೆ (ಎಲ್1 ಅಂದರೆ ನಿರಪೇಕ್ಷ ಬೆಲೆಯ ಇಂಟಿಗ್ರಲ್ ಸೀಮಿತ ಇರುವ ಫಂಕ್ಷನ್‌ಗಳು; ಆ ಇಂಟಿಗ್ರಲ್ಲೇ ಎಲ್1 ನಾರ್ಮ್) ಇದು ಬೌಂಡೆಡ್ ಅಲ್ಲ: 0ಯಿಂದ 1ರವರೆಗೆ ಮಾತ್ರ 1 ಇರುವ ಫಂಕ್ಷನ್ ತಗೊಂಡರೆ, ಎಕ್ಸ್ 1ನ್ನು ದಾಟಿದ ಮೇಲೆ ಮ್ಯಾಕ್ಸಿಮಲ್ ಬೆಲೆ 1/ಎಕ್ಸ್, ಅದನ್ನು ಇಂಟಿಗ್ರೇಟ್ ಮಾಡಿದರೆ ಲಾಗ್ ಬರುತ್ತದೆ, ಅದು ಬೆಳೆಯುತ್ತಲೇ ಹೋಗುತ್ತದೆ. ಹಾಗಾಗಿ ವೀಕ್ ಟೈಪ್ ಸಾಕು ಅಂತೀವಿ. ಅಂದರೆ ಬೆಲೆ ಲ್ಯಾಂಬ್ಡಾ ದಾಟುವ ಜಾಗದ ಅಳತೆ, ಎಲ್1 ನಾರ್ಮನ್ನು ಲ್ಯಾಂಬ್ಡಾದಿಂದ ಭಾಗಿಸಿದ್ದರ ಸಿ ಪಟ್ಟನ್ನು ಮೀರಬಾರದು (ಮುಂದೆ ಕಾನ್‌ಸ್ಟಂಟ್ ಅಂದರೆ ಈ ಸಿ). ಅದೊಂದು ಕೈಗೆ ಬಂದರೆ ಪಿ 1ಕ್ಕಿಂತ ಜಾಸ್ತಿ ಇರುವ ಎಲ್ಲ ಎಲ್‌ಪಿಗಳನ್ನೂ (ಪಿ ಘಾತದ ಇಂಟಿಗ್ರಲ್ ಸೀಮಿತ ಇರುವ ಫಂಕ್ಷನ್‌ಗಳು) ಮಾರ್ಸಿಂಕೀವಿಚ್ ಇಂಟರ್‌ಪೋಲೇಷನ್ (ಎರಡು ತುದಿಯ ಬೌಂಡ್‌ಗಳಿಂದ ನಡುವಿನವನ್ನು ಪಡೆಯುವ ಪ್ರಮೇಯ) ನೋಡಿಕೊಳ್ಳುತ್ತದೆ.

ವಿಟಾಲಿ ಅರ್ಧ ಪುಟದ ಕೆಲಸ. ಸರಾಸರಿ ಲ್ಯಾಂಬ್ಡಾ ದಾಟುವ ಬಾಲ್‌ಗಳಲ್ಲಿ ದೊಡ್ಡದನ್ನು ಆರಿಸು, ಅದಕ್ಕೆ ತಾಗಿದ್ದನ್ನೆಲ್ಲ ಬಿಡು, ಉಳಿದದ್ದರಲ್ಲಿ ಮತ್ತೆ ದೊಡ್ಡದನ್ನು ಆರಿಸು. ಆರಿಸಿದವುಗಳ ತ್ರಿಜ್ಯ ಮೂರು ಪಟ್ಟು ಮಾಡಿದರೆ ಎಲ್ಲವೂ ಮುಚ್ಚಿಹೋಗುತ್ತವೆ. ಡಬ್ಲಿಂಗ್ ಮೆಷರ್ (ತ್ರಿಜ್ಯ ಎರಡು ಪಟ್ಟಾದರೆ ಬಾಲ್‌ನ ಅಳತೆ ಒಂದು ನಿಶ್ಚಿತ ಪಟ್ಟನ್ನು ಮೀರದ ಅಳತೆ) ಇರುವ ಯಾವ ಮೆಟ್ರಿಕ್ ಸ್ಪೇಸಿಗೂ ಇದೇ ವಾದ ನಡೆಯುತ್ತದೆ, ಇದು ಸಣ್ಣ ಲಾಭ ಅಲ್ಲ. ಕಾನ್‌ಸ್ಟಂಟ್ ಮಾತ್ರ 3ರ ಎನ್ ಘಾತ (ಎನ್ ಅಂದರೆ ಡೈಮೆನ್ಷನ್). 10 ಡೈಮೆನ್ಷನ್‌ಗೆ 59,049. ಕೇಂದ್ರಿತ ಆಪರೇಟರ್‌ನಲ್ಲಿ (ಆ ಬಿಂದುವೇ ಕೇಂದ್ರವಾಗಿರುವ ಬಾಲ್‌ಗಳನ್ನು ಮಾತ್ರ ತಗೊಂಡರೆ) ಇಷ್ಟೆಲ್ಲ ಬೇಕಿಲ್ಲ, ಡೈಮೆನ್ಷನ್‌ಗೆ ತಕ್ಕಂತೆ ನೇರವಾಗಿ ಬೆಳೆಯುವ ಕಾನ್‌ಸ್ಟಂಟೇ ಸಾಕು ಅಂತ 1983ರಲ್ಲಿ ಸ್ಟೈನ್, ಸ್ಟ್ರೋಮ್‌ಬರ್ಗ್ ತೋರಿಸಿದರು.

ರೈಸಿಂಗ್ ಸನ್ ಲೆಮ್ಮಾ ರೀಸ್ ಅವರದ್ದು. ಮೂರರಲ್ಲಿ ಇದೇ ಅತಿ ಚೆಂದ. ಫಂಕ್ಷನ್‌ನ ಇಂಟಿಗ್ರಲ್‌ನಿಂದ ಲ್ಯಾಂಬ್ಡಾ ಪಟ್ಟು ಎಕ್ಸ್ ಕಳೆದ ಗ್ರಾಫನ್ನು ಗುಡ್ಡಗಳ ಸಾಲು ಅಂದುಕೊಳ್ಳಿ. ಬಲಗಡೆಯಿಂದ ಬಿಸಿಲು ಬಿದ್ದಾಗ ಗುಡ್ಡದ ಹಿಂದೆ ನೆರಳಾಗುತ್ತದಲ್ವಾ, ಆ ನೆರಳಿನ ಇಂಟರ್ವಲ್‌ಗಳೇ ನಮಗೆ ಬೇಕಾದ ಜಾಗ. ಒಂದೇ ಬದಿಯ ಆಪರೇಟರ್‌ಗೆ (ಬಿಂದುವಿನಿಂದ ಒಂದೇ ಕಡೆಗೆ ಹೋಗುವ ಇಂಟರ್ವಲ್‌ಗಳ ಸರಾಸರಿ) ಅಸಮಾನತೆ ಅಲ್ಲ, ಸಮಾನತೆಯೇ ಸಿಗುತ್ತದೆ! ಎರಡೂ ಬದಿ ಸೇರಿಸಿದರೆ ಕಾನ್‌ಸ್ಟಂಟ್ 2. ಆದರೆ ವಾದವೆಲ್ಲ ರೇಖೆಯ ಎಡ-ಬಲ ಕ್ರಮದ ಮೇಲೆ ನಿಂತಿದೆ, ಪ್ಲೇನ್‌ಗೆ ಹೋದರೆ ಕೈಕೊಡುತ್ತದೆ.

ಡಯಾಡಿಕ್‌ನಲ್ಲಿ ಬಾಲ್ ಬದಲು, ಬದಿಗಳನ್ನು ಅರ್ಧರ್ಧ ಮಾಡುತ್ತಾ ಹೋಗುವ ಗ್ರಿಡ್‌ನ ಕ್ಯೂಬ್‌ಗಳು. ಎರಡು ಕ್ಯೂಬ್ ತಗೊಂಡರೆ ಒಂದು ಇನ್ನೊಂದರ ಒಳಗಿರುತ್ತದೆ, ಇಲ್ಲವೇ ಒಂದಕ್ಕೊಂದು ತಾಗುವುದೇ ಇಲ್ಲ. ಆರಿಸುವ ಗೋಜೇ ಇಲ್ಲ. ಸರಾಸರಿ ಲ್ಯಾಂಬ್ಡಾ ದಾಟುವವುಗಳಲ್ಲಿ ಅತಿ ದೊಡ್ಡವನ್ನು ತಗೊಂಡರೆ ಮುಗಿಯಿತು, ಕಾನ್‌ಸ್ಟಂಟ್ 1. ಆದರೆ ಒಬ್ಬ ವಿದ್ಯಾರ್ಥಿನಿ ‘ಮೇಲಿನ ಫಂಕ್ಷನ್‌ಗೆ -0.01ರಲ್ಲಿ ಎಷ್ಟು ಬರುತ್ತೆ ಸರ್?’ ಅಂತ ಕೇಳಿದಳು. ಡಯಾಡಿಕ್ ಇಂಟರ್ವಲ್ ಯಾವುದೂ 0ಯನ್ನು ದಾಟಲ್ಲ, ಹಾಗಾಗಿ ಅಲ್ಲಿ ಬರುವುದು ಸೊನ್ನೆ. ನಿಜವಾದ ಬೆಲೆ ಸುಮಾರು 0.99. ಆ ಪ್ರಶ್ನೆಗೇ ‘ಮೂರನೇ ಒಂದು’ ಉಪಾಯ ಬೇಕು. ಪ್ರತಿ ಹಂತದಲ್ಲೂ ಗ್ರಿಡ್ಡನ್ನು ಅದರ ಉದ್ದದ ಮೂರನೇ ಒಂದು ಭಾಗ ಜರುಗಿಸಿ (ಒಮ್ಮೆ ಬಲಕ್ಕೆ, ಮುಂದಿನ ಹಂತದಲ್ಲಿ ಎಡಕ್ಕೆ) ಇನ್ನೊಂದು ಗ್ರಿಡ್ ಮಾಡಿದರೆ, ಯಾವ ಇಂಟರ್ವಲ್ ಆದರೂ ಎರಡರಲ್ಲೊಂದರ ಒಳಗೆ, ಆರು ಪಟ್ಟು ಮೀರದ ಇಂಟರ್ವಲ್‌ನಲ್ಲಿ ಕೂರುತ್ತದೆ. ಈ ದಾರಿಯಲ್ಲಿ ರೇಖೆಯ ಮೇಲೆ ಕಾನ್‌ಸ್ಟಂಟ್ 12.

ರೇಖೆಯ ಮೇಲೆ ರೈಸಿಂಗ್ ಸನ್‌ಗೆ 2, ವಿಟಾಲಿಗೆ 3, ಡಯಾಡಿಕ್‌ಗೆ 12. ಅಂಕಿ ನೋಡಿದರೆ ಡಯಾಡಿಕ್ ಕೊನೆಗೆ ಬರುತ್ತದೆ. ಆದರೂ ಅದನ್ನೇ ಆರಿಸುತ್ತೇನೆ, ಯಾಕೆಂದರೆ ಆ ಕ್ಯೂಬ್‌ಗಳಲ್ಲಿ ಸರಾಸರಿ ಲ್ಯಾಂಬ್ಡಾಕ್ಕಿಂತ ಜಾಸ್ತಿ, 2ರ ಎನ್ ಘಾತದಷ್ಟು ಪಟ್ಟು ಮೀರುವುದಿಲ್ಲ. 1952ರ ಕಾಲ್ಡೆರೋನ್–ಝಿಗ್ಮಂಡ್ ಡಿಕಾಂಪೊಸಿಷನ್ (ಫಂಕ್ಷನ್ನನ್ನು ಒಂದು ಬೌಂಡೆಡ್ ಭಾಗ, ಈ ಕ್ಯೂಬ್‌ಗಳೊಳಗಿನ ಉಳಿದ ಭಾಗ ಅಂತ ಒಡೆಯುವುದು) ಅಲ್ಲೇ ಕೈಗೆ ಸಿಕ್ಕಿಬಿಡುತ್ತದೆ. ಸಿಂಗ್ಯುಲರ್ ಇಂಟಿಗ್ರಲ್ ಕಡೆ ಹೋಗುವವರಿಗೆ ಅದು ಬೇಕೇ ಬೇಕು. ಮೊದಲು ವಿಟಾಲಿ ಒಂದು ಸಲ ಬರೆಯಿರಿ, ಆಮೇಲೆ ಡಯಾಡಿಕ್‌ಗೆ ಬನ್ನಿ. ಬಾಲ್ ಬಿಟ್ಟು ಗೋಳದ ಮೇಲ್ಮೈಯ ಸರಾಸರಿ ತಗೊಂಡರೆ ಮಾತ್ರ ಈ ಮೂರೂ ಸಾಲವು, ಮೇಲ್ಮೈಯ ಅಳತೆಯೇ ಸೊನ್ನೆ ಅಲ್ವಾ. ಅಲ್ಲಿಗೆ ಬೇರೆಯೇ ಯಂತ್ರ ಬೇಕಾಯಿತು: 3 ಮತ್ತು ಮೇಲಿನ ಡೈಮೆನ್ಷನ್‌ಗೆ 1976ರಲ್ಲಿ ಸ್ಟೈನ್ ಫೋರಿಯರ್ ಟ್ರಾನ್ಸ್‌ಫಾರ್ಮ್ ಹಿಡಿದು ಮಾಡಿದರು, ಪ್ಲೇನ್‌ನ ವೃತ್ತಗಳಿಗೆ 1986ರವರೆಗೆ, ಬೂರ್ಗೇನ್ ಬರುವವರೆಗೆ, ಕಾಯಬೇಕಾಯಿತು.