ಧಾರವಾಡದ ಕೈಹೊಲಿಗೆ ಕೌದಿ: ಹಿರಿಯರ ಸೀರೆ ಕೊಡುವ ಮುನ್ನ

ಮನೆಗೇ ಬಂದು ಪಡಸಾಲೆಯಲ್ಲಿ ಕೂತು, ಹಳೆ ಬಟ್ಟೆಗಳನ್ನು ಪದರವಾಗಿಟ್ಟು ಕೌದಿ ಎಂಬ ಹೊದಿಕೆ ಹೊಲಿದುಕೊಡುವ ಹೆಣ್ಣುಮಕ್ಕಳು ಧಾರವಾಡದ ಓಣಿಗಳಲ್ಲಿ ಇನ್ನೂ ಸಿಗುತ್ತಾರೆ. ತೀರಿಹೋದ ಅವ್ವನ, ಅಜ್ಜಿಯ ಸೀರೆ ಟ್ರಂಕಿನಲ್ಲಿ ಇಟ್ಟುಕೊಂಡವರು ಅವರಿಂದಲೇ ಹೊಲಿಸಬೇಕು. ಮಷಿನ್‌ಗೆ ಹಾಕಲೇಬೇಡಿ. ಅದರ ಸೂಜಿ ಒತ್ತೊತ್ತಾಗಿ ತೂತು ಕೊರೆಯುತ್ತದೆ, ಸವೆದ ಬಟ್ಟೆ ಆ ಗೆರೆಗುಂಟ ಹರಿಯುತ್ತದೆ.

ಆರು ಗಜದ ಸೀರೆಯನ್ನು ಮೂರು ಮಡಿಕೆ ಮಾಡಿದರೆ ಆರಡಿ ಉದ್ದ, ನಾಲ್ಕಡಿಗೆ ತುಸು ಕಡಿಮೆ ಅಗಲದ ಮೂರು ಪದರ ಸಿಗುತ್ತವೆ. ಬೇಸಿಗೆಗೆ ಅಷ್ಟು ಸಾಕು. ಚಳಿಗೆ ಎರಡು ಸೀರೆ, ಮೇಲೊಂದು ತೇಪೆಯ ಪದರ. ಅದಕ್ಕಿಂತ ದಪ್ಪವಾದರೆ ಸೂಜಿ ಕೆಳಗಿನ ಪದರ ಹಿಡಿಯುವುದಿಲ್ಲ. ನೂಲಿನ (ಹತ್ತಿಯ) ಬಟ್ಟೆ, ಪಾಲಿಯೆಸ್ಟರ್ ಬೆರೆಸಬಾರದು: ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ, ಮೊದಲ ಒಗೆತಕ್ಕೇ ನೆರಿಗೆ ಬೀಳುತ್ತದೆ. ಕೆಂಪು ಸೀರೆಗಳನ್ನು ಮೊದಲೇ ಬೇರೆಬೇರೆ ನೆನೆಸಿ ನೋಡಿ, ಬಣ್ಣ ಬಿಟ್ಟರೆ ಅಜ್ಜನ ಬಿಳಿ ಧೋತರದ ಪಕ್ಕ ಹಾಕಿಸಬೇಡಿ. ಇಳಕಲ್ ಸೀರೆಯ ಒಡಲು ಸಾಮಾನ್ಯವಾಗಿ ನೂಲಿನದು, ಸೆರಗು ರೇಷ್ಮೆಯದು. ಹಾಗಾಗಿ ಸೆರಗನ್ನು ಬಿಡಿಸಿ ತೇಪೆಯಾಗಿಯೇ ಕೂರಿಸಬೇಕು.

ಆ ಸೆರಗಿಗೆ ಸರಿಯಾದ ಜಾಗ ನಡುವಿನ ಚೌಕ. ಅಂಚಿನಿಂದ ಸುತ್ತುತ್ತ ಬರುವ ಹೊಲಿಗೆ ಮುಗಿಯುವುದು ಅಲ್ಲೇ, ಕೌದಿಯ ಹೊಟ್ಟೆಯಲ್ಲಿ. ಅದನ್ನು ಮುಚ್ಚುವ ಮುಂಚೆ ರೊಟ್ಟಿ ಚೂರು, ಸಕ್ಕರೆ ಇಟ್ಟು ಹೊಟ್ಟೆ ತುಂಬಿಸುವ ಪದ್ಧತಿ ಕೆಲವರಲ್ಲಿದೆ. ಹೊಲಿಯುವವರು ಕೇಳಿದರೆ ತಪ್ಪದೆ ಕೊಡಿ. ಹಿರಿಯರ ಬಟ್ಟೆಯನ್ನು ಬರಿಹೊಟ್ಟೆಯಲ್ಲಿ ಮುಚ್ಚದಿರುವುದು ಎಂಥ ದೊಡ್ಡ ಮರ್ಯಾದೆ! ರೊಟ್ಟಿ ಮಾತ್ರ ಒಣಗಿ ಕಟಿಯಾಗಿರಲಿ, ಚಿಟಿಕೆಯಷ್ಟೇ ಇರಲಿ. ಹಸಿಯಿದ್ದರೆ ಬೂಷ್ಟು ಹಿಡಿಯುತ್ತದೆ.

ಕಲಘಟಗಿ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕವದಿಯ ರೀತಿಯೇ ಬೇರೆ. ಅವರ ಪೂರ್ವಜರು ಆಫ್ರಿಕಾದವರು, ಅವರಲ್ಲಿ ಹಲವರನ್ನು ಗೋವೆಗೆ ತಂದವರು ಪೋರ್ಚುಗೀಸರು. ಕವದಿಯ ಮೂಲೆಗಳಿಗೆ ಅವರು ಬಟ್ಟೆಯ ಮುಕ್ಕೋನದ ‘ಫೂಲ’ (ಹೂವು) ಹಚ್ಚುತ್ತಾರೆ, ಅದಿಲ್ಲದ ಕವದಿ ಅವರ ಕಣ್ಣಿಗೆ ಬತ್ತಲೆ. ಮೂಲೆ ಬೋಳಾಗಿಯೇ ಇರಲಿ ಎಂದು ಅವರಿಗೆ ಹೇಳಬೇಡಿ.

ಕೂಲಿ ಮಾತಾಡುವಾಗಲೇ ಹೊಲಿಗೆ ಸಾಲಿನ ಅಂತರವನ್ನೂ ಗೊತ್ತುಮಾಡಿಕೊಳ್ಳಿ. ಒಂದು ಬೆರಳಿನ ಅಂತರಕ್ಕೆ ಎರಡು ಬೆರಳಿನದರ ದುಪ್ಪಟ್ಟು ಕೆಲಸವಿದೆ, ಕೂಲಿಯೂ ಹಾಗೇ ಇರಬೇಕು. ಚೌಕಾಸಿ ಮಾಡಿದಷ್ಟೂ ಸಾಲು ದೂರವಾಗುತ್ತದೆ, ಒಗೆದಾಗ ಒಳಪದರ ಸರಿದು ಗಂಟಾಗುತ್ತದೆ. ಹಸಿ ಕೌದಿಯನ್ನು ತಂತಿಗೆ ಹಾಕಿದರೆ ತನ್ನ ಭಾರಕ್ಕೇ ಹೊಲಿಗೆ ಹರಿದುಕೊಳ್ಳುತ್ತದೆ. ಕಟ್ಟೆಯ ಮೇಲೆ ಹರವಿ, ನಡುವೆ ಒಮ್ಮೆ ಮಗುಚಿ ಒಣಗಿಸಿ.